ಬೋರ್ಡ್ ಡಿಸೈನ್ ಫೈಲ್ ಬೇಕಾದವರಿಗೆ

ಮಂಡ್ಯದ ಕಡೆ ಕಬ್ಬಿನ ಗದ್ದೆಗೆ ಮಣ್ಣಿನ ತೇವ ನೋಡೋ ಎಲೆಕ್ಟ್ರಾನಿಕ್ ಬೋರ್ಡ್ ಮಾಡಬೇಕು ಅಂತ ಮೊನ್ನೆ ಒಬ್ಬರು ಕೇಳಿದ್ದರಲ್ಲ, ದಯವಿಟ್ಟು ಸರ್ಕ್ಯೂಟನ್ನ ಮೊದಲಿಂದ ಬರೆಯುತ್ತಾ ಕೂರಬೇಡಿ. ಇಂಥ ಬೋರ್ಡ್ ಮಾಡಿ ಮಾರೋ ಸ್ಪಾರ್ಕ್‌ಫನ್, ಆಡಾಫ್ರೂಟ್ ಕಂಪನಿಯವರು ತಮ್ಮ ಎಷ್ಟೋ ಸೆನ್ಸರ್ ಬೋರ್ಡ್‌ಗಳ ಡಿಸೈನ್ ಫೈಲನ್ನ ಗಿಟ್‌ಹಬ್ ಅನ್ನೋ ವೆಬ್‌ಸೈಟ್‌ನಲ್ಲೇ ಇಟ್ಟಿದ್ದಾರೆ. ಓಪನ್ ಸೋರ್ಸ್ ಹಾರ್ಡ್‌ವೇರ್ ಅಸೋಸಿಯೇಷನ್ ಹೀಗೆ ಡಿಸೈನ್ ಎಲ್ಲರಿಗೂ ತೆರೆದಿಟ್ಟ ಹಾರ್ಡ್‌ವೇರ್‌ಗೆ 2016ರಿಂದ ಸರ್ಟಿಫಿಕೇಟ್ ಕೊಡುತ್ತಿದೆ, ಅವರ ಪಟ್ಟಿಯಲ್ಲೂ ಹುಡುಕಿ.

ಒಂದು ಮಾತು. ಗರ್ಬರ್ ಫೈಲ್ (ಬೋರ್ಡ್ ಮಾಡೋ ಫ್ಯಾಕ್ಟರಿಗೆ ಕಳಿಸೋ ಫೈಲ್) ಸಿಕ್ಕಿತು ಅಂತ ಖುಷಿಪಡಬೇಡಿ. ಅದು ಬೋರ್ಡ್ ಮಾಡಿಸೋಕೆ ಸಾಕು, ಆದರೆ ನಮ್ಮ ಪಂಪ್‌ಸೆಟ್‌ಗೆ ತಕ್ಕ ಹಾಗೆ ಒಂದು ಕನೆಕ್ಟರ್ ಬದಲಿಸಬೇಕು ಅಂದರೂ ಕಷ್ಟ. ಸ್ಕೀಮ್ಯಾಟಿಕ್ (ಸರ್ಕ್ಯೂಟಿನ ನಕ್ಷೆ), ಪಿಸಿಬಿ (ಬೋರ್ಡಿನ ಮೇಲೆ ಯಾವ ಭಾಗ ಎಲ್ಲಿ ಅನ್ನೋ ವಿನ್ಯಾಸ) ಎರಡರ ತಿದ್ದಬಹುದಾದ ಮೂಲ ಫೈಲ್ ಬೇಕು, ಜೊತೆಗೆ ಬಿಡಿಭಾಗಗಳ ಪಟ್ಟಿ. ಈಗಲ್ ಅನ್ನೋ ಬೋರ್ಡ್ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಮಾಡಿದ ಫೈಲ್ ಇದ್ದರೂ ಚಿಂತೆಯಿಲ್ಲ, ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಕಿಕ್ಯಾಡ್‌ಗೆ ಇಂಪೋರ್ಟ್ ಮಾಡಬಹುದು, ಅದು ಪೂರ್ತಿ ಉಚಿತ.

ಡಿಸೈನನ್ನ ಹೇಗೆ ಬಳಸಬಹುದು ಅಂತ ಹೇಳೋ ಲೈಸೆನ್ಸ್ ಫೈಲ್ ಇಲ್ಲದಿದ್ದರೆ ಮಾಡಿದವರನ್ನ ಕೇಳದೆ ಬಳಸಬೇಡಿ.

ಇನ್ನೊಂದು, ಆರ್ಡರ್ ಕೊಡೋ ಮುಂಚೆ ಬೋರ್ಡ್ ಚಿತ್ರವನ್ನ ಕಾಗದದ ಮೇಲೆ ಅಸಲಿ ಅಳತೆಯಲ್ಲೇ ಪ್ರಿಂಟ್ ಹಾಕಿ, ಅಂಗಡಿಯಿಂದ ತಂದ ರಿಲೇನ (ಕರೆಂಟಿನಿಂದ ಆನ್-ಆಫ್ ಆಗೋ ಸ್ವಿಚ್) ಅದರ ಮೇಲಿಟ್ಟು ಕಾಲುಗಳು ಚುಕ್ಕೆಗೆ ಸರಿಯಾಗಿ ಕೂರುತ್ತವಾ ನೋಡಿ. ಹೋದ ವರ್ಷ ಹೀಗೆ ನೋಡದೆ 5 ಬೋರ್ಡ್ ತರಿಸಿದೆ, ಒಂದಕ್ಕೂ ರಿಲೇ ಕೂರಲಿಲ್ಲ, ತುಂಬಾ ಬೇಜಾರಾಯಿತು. ಫೈಲ್ ತೆರೆಯೋದು ಗೊತ್ತಾಗದಿದ್ದರೆ ಇಲ್ಲೇ ಕೇಳಿ, ಕೂತು ತೋರಿಸ್ತೀನಿ.