ಯುಕೆ ನರ್ಸಿಂಗ್ ಕೆಲಸ: ಅರ್ಜಿಗೂ ಮೊದಲು ತಾರೀಖಿನ ಲೆಕ್ಕ

ಇಂಗ್ಲೆಂಡಿನ ನರ್ಸಿಂಗ್ ವಿದ್ಯಾರ್ಥಿಗಳು ಓದು ಮುಗಿಯುವ ಮೊದಲೇ ಎನ್‌ಎಚ್‌ಎಸ್ (ಅಲ್ಲಿಯ ಸರಕಾರಿ ಆರೋಗ್ಯ ಸೇವೆ) ಕೆಲಸಕ್ಕೆ ಅರ್ಜಿ ಹಾಕುತ್ತಾರೆ. ನೋಂದಣಿಯಾದ ಮೇಲೆ ಸೇರಿಸಿಕೊಳ್ಳುವ ಷರತ್ತಿನ ಪತ್ರ ಮೊದಲೇ ಕೈಗೆ ಬಂದಿರುತ್ತದೆ. ಫಲಿತಾಂಶಕ್ಕೆ ಕಾದು, ಕೌನ್ಸಿಲ್‌ಗೆ ಕಾದು, ಆಮೇಲೆ ಆಸ್ಪತ್ರೆ ಅಲೆಯುವ ನಮ್ಮ ಪದ್ಧತಿಗಿಂತ ಅದು ಖಂಡಿತ ಮೇಲು. ಆದರೆ ಅದು ಅಲ್ಲಿ ಓದಿದವರಿಗೆ. ಅದನ್ನು ನೋಡಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹುಡುಗ ಹುಡುಗಿಯರು ಬಿಎಸ್ಸಿ ನರ್ಸಿಂಗ್‌ನ ನಾಲ್ಕನೇ ವರ್ಷದಲ್ಲೇ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆದುಬಿಡುತ್ತಾರೆ. ದುಡ್ಡು ಹೋಗುವುದೇ ಅಲ್ಲಿ.

ಐಇಎಲ್‌ಟಿಎಸ್ ಅಥವಾ ಅದರ ಬದಲು ಬರೆಯುವ ಓಇಟಿ ಫಲಿತಾಂಶ ಎನ್‌ಎಂಸಿಗೆ ನಡೆಯುವುದು ಎರಡೇ ವರ್ಷ. (ಈ ಎನ್‌ಎಂಸಿ ಯುಕೆಯ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ನಮ್ಮ ಡಾಕ್ಟರುಗಳ ಆಯೋಗವಲ್ಲ.) ಎನ್‌ಎಂಸಿಯ ಕಂಪ್ಯೂಟರ್ ಪರೀಕ್ಷೆ ಸಿಬಿಟಿಗೂ ಎರಡೇ ವರ್ಷ. ಈಗ ಎಣಿಸಿ: ಅಂತಿಮ ಫಲಿತಾಂಶ, ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ, ಅದರ ದೃಢೀಕರಣ, ಮೇಲೆ ಒಂದು ವರ್ಷದ ವಾರ್ಡ್ ಅನುಭವ. 2019ರಿಂದ ಎನ್‌ಎಂಸಿ ಅನುಭವ ಕೇಳುವುದಿಲ್ಲ ಎಂಬುದು ನಿಜ. ಕೆಲಸ ಕೊಡುವವರು ಕೇಳುತ್ತಾರೆ. ಇಷ್ಟೆಲ್ಲ ಮುಗಿದು ಅರ್ಜಿ ಸಲ್ಲಿಸುವ ದಿನ ಇಂಗ್ಲಿಷ್ ಫಲಿತಾಂಶದ ಅವಧಿ ತೀರಿರುತ್ತದೆ. ಮತ್ತೆ ಪೂರ್ತಿ ಶುಲ್ಕ, ಮತ್ತೆ ಕೋಚಿಂಗ್.

ಕಡಕ್ ರೊಟ್ಟಿ ತಿಂಗಳಿಟ್ಟರೂ ಕೆಡುವುದಿಲ್ಲ, ಬಿಸಿ ರೊಟ್ಟಿ ಮರುದಿನಕ್ಕೆ ಆಗದು. ಪಾಸ್‌ಪೋರ್ಟ್, ಅಂಕಪಟ್ಟಿ, ಕೌನ್ಸಿಲ್ ನೋಂದಣಿ, ಅನುಭವ ಪತ್ರ ಕಡಕ್ ರೊಟ್ಟಿ, ಮೊದಲೇ ಮಾಡಿಟ್ಟುಕೊಳ್ಳಿ. ಇಂಗ್ಲಿಷ್, ಸಿಬಿಟಿ ಬಿಸಿ ರೊಟ್ಟಿ. ಕ್ಷಯ ತಪಾಸಣೆಯ ಪ್ರಮಾಣಪತ್ರವಂತೂ ವೀಸಾಕ್ಕೆ ಆರೇ ತಿಂಗಳು ನಡೆಯುತ್ತದೆ. ಏಜೆಂಟ್ ಅವಸರ ಮಾಡಿದನೆಂದು ಕೆಲಸದ ಪತ್ರಕ್ಕೂ ಮೊದಲು ಮಾಡಿಸಬೇಡಿ. ಕೆಲಸ ಕೊಡುವವರು ವೀಸಾಕ್ಕಾಗಿ ಕೊಡುವ ಪ್ರಾಯೋಜಕತ್ವದ ಪ್ರಮಾಣಪತ್ರ ಬಂದ ಮೂರು ತಿಂಗಳೊಳಗೆ ವೀಸಾ ಅರ್ಜಿ ಹೋಗಬೇಕು.

ನಾಲ್ಕನೇ ವರ್ಷದಲ್ಲಿ ಮಾಡಬೇಕಾದ ಕೆಲಸ ಹೆಸರಿನದು: ಎಲ್ಲ ದಾಖಲೆಯಲ್ಲೂ ಅದನ್ನು ಒಂದೇ ಮಾಡಿಸಿ. ನಮ್ಮ ಕಡೆ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮುಂದೆ, ಆಧಾರ್‌ನಲ್ಲಿ ಅಪ್ಪನ ಹೆಸರು ನಡುವೆ, ಪಾಸ್‌ಪೋರ್ಟಿನಲ್ಲಿ ಇನ್ನೇನೋ. ಸಿಬಿಟಿ ಕೇಂದ್ರದಲ್ಲಿ ಬುಕಿಂಗ್ ಹೆಸರು ಪಾಸ್‌ಪೋರ್ಟಿಗೆ ತಾಳೆಯಾಗದಿದ್ದರೆ ಬಾಗಿಲಿನಿಂದಲೇ ವಾಪಸ್ ಕಳಿಸಬಹುದು, ಶುಲ್ಕವೂ ಹೋದಂತೆ.

ವಾರ್ಡ್ ಕೆಲಸದ ಎಂಟು-ಒಂಬತ್ತನೇ ತಿಂಗಳಲ್ಲಿ ಇಂಗ್ಲಿಷ್ ಬರೆಯಿರಿ. ಅಕಾಡೆಮಿಕ್ ಐಇಎಲ್‌ಟಿಎಸ್‌ನಲ್ಲಿ ಓದು, ಕೇಳು, ಮಾತು ತಲಾ 7, ಬರವಣಿಗೆ 6.5, ಒಟ್ಟು 7 ಬಂದರೆ ಸಾಕು. ಒಂದು ವಿಭಾಗ ಸ್ವಲ್ಪದರಲ್ಲಿ ತಪ್ಪಿದರೆ 12 ತಿಂಗಳೊಳಗಿನ ಎರಡು ಪರೀಕ್ಷೆಗಳ ಅಂಕ ಜೋಡಿಸಲು ಅವಕಾಶವಿದೆ. ಹಿಂದೆಯೇ ಸಿಬಿಟಿ: ಲೆಕ್ಕದ 15 ಪ್ರಶ್ನೆ ಅರ್ಧ ಗಂಟೆ, ಕ್ಲಿನಿಕಲ್ 100 ಪ್ರಶ್ನೆ ಎರಡೂವರೆ ಗಂಟೆ. ಇಂಗ್ಲಿಷ್, ಸಿಬಿಟಿ ಎರಡೂ ಪಾಸಾದ ವಾರವೇ ಎನ್‌ಎಚ್‌ಎಸ್ ಜಾಬ್ಸ್, ಟ್ರ್ಯಾಕ್ ಎಂಬ ಉದ್ಯೋಗ ಜಾಲತಾಣ ತೆರೆದು ಅರ್ಜಿ ಶುರು ಮಾಡಿ. ತಡ ಬೇಡ: ಅಲ್ಲಿಯ ಹೊಸ ಪದವೀಧರರಿಗೇ ಕೆಲಸ ಸಿಗುವುದು ಕಷ್ಟವಾಗಿ 2025ರ ಆಗಸ್ಟ್‌ನಲ್ಲಿ ಸರಕಾರ ಅವರಿಗಾಗಿ ಉದ್ಯೋಗ ಭರವಸೆಯ ಯೋಜನೆ ಘೋಷಿಸಬೇಕಾಯಿತು.

ಅರ್ಜಿಯಲ್ಲಿ ಕೆಲಸ ಕೊಡುವವರು ಕೇಳಿದ ಪ್ರತಿ ಅಗತ್ಯ ಅರ್ಹತೆಗೂ ಒಂದೊಂದು ಉದಾಹರಣೆ ಬರೆಯಿರಿ; ಅಂಕ ಬೀಳುವುದು ಅದಕ್ಕೇ. ಯುಕೆ ನೇಮಕಾತಿ ನಿಯಮದಂತೆ ಏಜೆಂಟ್ ಅಭ್ಯರ್ಥಿಯಿಂದ ಶುಲ್ಕ ಕೀಳುವಂತಿಲ್ಲ. ಕೇಳಿದನೆಂದರೆ ಎದ್ದು ಬನ್ನಿ. ಸಂದರ್ಶನದಲ್ಲಿ ಯುಕೆಗೆ ಹೋದ ಮೇಲೆ ಕೊಡುವ ಪ್ರಾಯೋಗಿಕ ಪರೀಕ್ಷೆ ಓಎಸ್‌ಸಿಇಯ 794 ಪೌಂಡ್ ಶುಲ್ಕ ಯಾರು ಕಟ್ಟುತ್ತಾರೆ, ನಡುವೆ ಕೆಲಸ ಬಿಟ್ಟರೆ ಎಷ್ಟು ಮರಳಿಸಬೇಕು ಎಂದು ನಾಚದೆ ಕೇಳಿ.

ಇನ್ನೊಂದು. ಕೆಲಸ ಕೊಡುವವರು ಹಿಂದಿನ ಮೂರು ವರ್ಷಕ್ಕೆ ಶಿಫಾರಸು ಕೇಳುತ್ತಾರೆ, ಅದೂ ಸಂಸ್ಥೆಯ ಇಮೇಲ್‌ನಿಂದ. ಜಮಖಂಡಿಯದೋ ಮುಧೋಳದ್ದೋ ಸಣ್ಣ ಆಸ್ಪತ್ರೆಯಲ್ಲಿ ಇರುವುದು ಬರೀ ಜಿಮೇಲ್ ಆದರೆ, ಕೆಲಸ ಬಿಡುವ ಮೊದಲೇ ಲೆಟರ್‌ಹೆಡ್, ಸೀಲು, ಸಹಿ ಇರುವ ಪತ್ರ ಪಡೆದು, ಕಾಲೇಜಿನ ಪ್ರಿನ್ಸಿಪಾಲರ ಇಮೇಲ್ ಸಹ ಬರೆದಿಟ್ಟುಕೊಳ್ಳಿ.