ಹೀಟರ್ ಬಿಡಿ, ಹಾಸಿಗೆಗೆ ಬಿಸಿಲು ತೋರಿಸಿ

ಬೆಂಗಳೂರಲ್ಲಿ ಇದ್ದುಕೊಂಡು ರೂಮ್ ಹೀಟರ್ ಕೊಂಡು ತರುವವರನ್ನು ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತದೆ. ಇದೇನು ಶಿಮ್ಲಾನಾ? ಈ ಊರಿನಲ್ಲಿ ದಾಖಲಾದ ಅತಿ ಹೆಚ್ಚಿನ ಚಳಿ ಅಂದರೆ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಈಗ ಡಿಸೆಂಬರ್, ಜನವರಿಯಲ್ಲಿ ರಾತ್ರಿ ಸಾಮಾನ್ಯವಾಗಿ 15, 16 ಡಿಗ್ರಿ ಇರುತ್ತದೆ. ಮಧ್ಯಾಹ್ನ 27ರ ಹತ್ತಿರ ಹೋಗುತ್ತದೆ. ಹಗಲೆಲ್ಲಾ ಬಿಸಿಲು ಬಿಟ್ಟಿ ಸಿಗುತ್ತಿದೆ. ಅದನ್ನು ಹಿಡಿದಿಟ್ಟುಕೊಳ್ಳುವುದು ಬಿಟ್ಟು ರಾತ್ರಿ ದುಡ್ಡು ಸುರಿದು ಕಾವು ತಂದುಕೊಳ್ಳುತ್ತಾರೆ.

ನನ್ನ ತಂಗಿಯ ಮಗ, ಸೊಸೆ ಇಬ್ಬರೂ ಚೆನ್ನಾಗಿ ಓದಿದವರು. ಕಡಲೆಕಾಯಿ ಪರಿಷೆ ಮುಗಿದು ಚಳಿ ಶುರುವಾಗುತ್ತಿದ್ದ ಹಾಗೆ 2000 ವ್ಯಾಟಿನ ಹೀಟರ್ ತಂದು ಮಲಗುವ ಕೋಣೆಯಲ್ಲಿ ಇಟ್ಟರು. ಲೆಕ್ಕ ಹಾಕಿ ನೋಡಿ. ಗಂಟೆಗೆ 2 ಯೂನಿಟ್. ರಾತ್ರಿ ಒಂಬತ್ತರಿಂದ ಒಂದರ ತನಕ ಉರಿದರೆ 8 ಯೂನಿಟ್. ತಿಂಗಳಿಗೆ 240. ಗೃಹಜ್ಯೋತಿಯಲ್ಲಿ ಹೆಚ್ಚೆಂದರೆ 200 ಯೂನಿಟ್ ತನಕ ಮಾಫಿ, ಅದೂ ಅವರವರ ಹಿಂದಿನ ಬಳಕೆ ನೋಡಿಕೊಂಡು. 200 ದಾಟಿದರೆ ದಾಟಿದಷ್ಟಕ್ಕೆ ಮಾತ್ರ ಅಲ್ಲ, ಮೊದಲ ಯೂನಿಟ್‌ನಿಂದ ಪೂರ್ತಿ ಬಿಲ್ಲು ಕಟ್ಟಬೇಕು. ಅಷ್ಟು ಉರಿಸಿಯೂ ಬೆಳಿಗ್ಗೆ ಏಳುವಾಗ ಗಂಟಲು ಒಣಗಿದೆ, ಚರ್ಮ ಬಿರಿದಿದೆ ಅಂತ ಗೋಳು. ಸಾಲದ್ದಕ್ಕೆ ಅದನ್ನು ಮೊಬೈಲ್ ಚಾರ್ಜ್ ಮಾಡುವ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದ್ದರು. ವೈರು ಮುಟ್ಟಿದರೆ ಸುಡುತ್ತಿತ್ತು. ಹೀಟರ್ ಹಾಕಲೇಬೇಕು, ಮನೆಯಲ್ಲಿ ಬಾಣಂತಿ ಇದ್ದಾಳೆ, ತೊಂಬತ್ತು ದಾಟಿದವರಿದ್ದಾರೆ ಅಂದರೆ, ದಪ್ಪ ಪಿನ್ನಿನ ಪವರ್ ಪ್ಲಗ್ಗಿಗೇ ಹಾಕಿ. ಮಲಗುವ ಮುಂಚೆ ಅರ್ಧ ಗಂಟೆ ಹಾಕಿ ಆರಿಸಿ. ಉಳಿದವರಿಗೆ ಅದು ಬೇಡವೇ ಬೇಡ.

ಮೊದಲು ಕಿಟಕಿ ವಿಷಯ. ಬೆಳಿಗ್ಗೆ ಆರಕ್ಕೆ ಎದ್ದು ಎಲ್ಲಾ ಕಿಟಕಿ ತೆಗೆದು ‘ಫ್ರೆಶ್ ಗಾಳಿ’ ಅಂತ ನಿಲ್ಲುತ್ತೀರಲ್ಲ, ಇಡೀ ದಿನದಲ್ಲಿ ಹೆಚ್ಚು ಚಳಿ ಇರುವುದೇ ಸೂರ್ಯ ಹುಟ್ಟುವ ಆ ಹೊತ್ತಿಗೆ. ರಾತ್ರಿಯೆಲ್ಲಾ ಉಳಿಸಿಕೊಂಡ ಕಾವನ್ನು ಹತ್ತು ನಿಮಿಷದಲ್ಲಿ ಹೊರಗೆ ಅಟ್ಟಿಬಿಡುತ್ತೀರಿ. ಪರದೆ ಸರಿಸಿ, ಗಾಜು ಮುಚ್ಚಿರಲಿ. ಪೂರ್ವದ ಬಿಸಿಲು ಗಾಜಿನಿಂದಲೇ ಒಳಗೆ ಬರುತ್ತದೆ. ಹತ್ತೂವರೆ, ಹನ್ನೊಂದರ ಮೇಲೆ ಹೊರಗಿನ ಗಾಳಿ ಬೆಚ್ಚಗಾಗುತ್ತದೆ. ಆಗ ಎಲ್ಲಾ ತೆಗೆಯಿರಿ. ಸಂಕ್ರಾಂತಿಯ ಆಚೀಚೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ದಕ್ಷಿಣದ ಕಿಟಕಿಯಿಂದ ಬಿಸಿಲು ನೆಲದ ತನಕ ಬರುತ್ತದೆ. ಆ ಕಿಟಕಿಗೆ ಕಪಾಟು ಅಡ್ಡ ಇಟ್ಟಿದ್ದರೆ ಈ ಎರಡು ತಿಂಗಳಿಗಾದರೂ ಸರಿಸಿ. ಸಂಜೆ ನಾಲ್ಕೂವರೆಗೆ ಮುಚ್ಚಿ. ದೀಪ ಹಚ್ಚುವ ಹೊತ್ತಿಗೆ ಅಲ್ಲ, ನಾಲ್ಕೂವರೆಗೆ. ಕೆಲಸಕ್ಕೆ ಹೋಗುವವರು ಹೇಗೆ ಮುಚ್ಚುವುದು ಅಂತ ಕೇಳಬೇಡಿ. ಮನೆಯಲ್ಲಿ ಯಾರೂ ಇಲ್ಲ ಅಂದರೆ ದಿನವಿಡೀ ಗಾಜು ಮುಚ್ಚಿ ಪರದೆ ಮಾತ್ರ ತೆಗೆದಿಟ್ಟು ಹೋಗಿ. ಅದರಿಂದಲೂ ಸಾಕಷ್ಟು ಗುಣ ಸಿಗುತ್ತದೆ.

ಚಳಿಗಾಲದಲ್ಲಿ ಇಲ್ಲಿ ಬೀಸುವುದು ಮೂಡಗಾಳಿ. ಪೂರ್ವದ ಬಾಗಿಲಿನ ಕೆಳಗೆ, ಸ್ಲೈಡಿಂಗ್ ಕಿಟಕಿಯ ಸಂದಿಯಲ್ಲಿ ರಾತ್ರಿ ಒಮ್ಮೆ ಕೈ ಹಿಡಿದು ನೋಡಿ, ಗೊತ್ತಾಗುತ್ತದೆ. ಹಳೇ ಸೀರೆ ಹರಿದು ಸುರುಳಿ ಮಾಡಿ ತುರುಕಿ. ಅಡುಗೆ ಮನೆಯ ಎಕ್ಸಾಸ್ಟ್ ಫ್ಯಾನಿನ ಕಿಂಡಿಯನ್ನು ಅಡುಗೆ ಮುಗಿದ ಮೇಲೆ ಮುಚ್ಚಿ. ಆದರೆ ಮಲಗುವ ಕೋಣೆಯನ್ನು ಡಬ್ಬಿ ಮಾಡಿಬಿಡಬೇಡಿ, ಒಳಬಾಗಿಲು ಬೆರಳಗಲ ತೆಗೆದಿರಲಿ.

ಈಗ ನಾನು ಹೇಳಬೇಕೆಂದು ಕೂತ ವಿಷಯಕ್ಕೆ ಬರುತ್ತೇನೆ. ಹಾಸಿಗೆ. ಚಳಿ ತಡೆಯುವುದಕ್ಕೆ ಕೋಣೆಯನ್ನೆಲ್ಲಾ ಬಿಸಿ ಮಾಡಬೇಕಾಗಿಲ್ಲ, ಮಲಗುವ ಮೂರಡಿ ಜಾಗ ಬೆಚ್ಚಗಿದ್ದರೆ ಸಾಕು. ಅದನ್ನು ಬಿಸಿಲೇ ಮಾಡಿಕೊಡುತ್ತದೆ. ನಾನು ಮದುವೆಯಾಗಿ ಬಂದದ್ದು ಚಾಮರಾಜಪೇಟೆಯ ವಠಾರದ ಮನೆಗೆ. ನಮ್ಮ ಅತ್ತೆ ಧನುರ್ಮಾಸ ಶುರುವಾಯಿತೆಂದರೆ ಮನೆಯ ಹಾಸಿಗೆಗಳನ್ನೆಲ್ಲಾ ತಾರಸಿಗೆ ಹೊರಿಸುತ್ತಿದ್ದರು. ಸುಮ್ನೆ ಹರವಿ ಬಂದರೆ ಬೈಗುಳ. ಅದಕ್ಕೊಂದು ಕ್ರಮ ಇತ್ತು. ಅದನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ಹತ್ತು ಗಂಟೆಗೆ ಮುಂಚೆ ಹಾಕಬಾರದು. ತಾರಸಿಯ ಮೋಟುಗೋಡೆಯ ಮೇಲೆ ಅಂಗೈ ಇಟ್ಟು ನೋಡಿ. ತಣ್ಣಗೆ, ಅಂಟಂಟಾಗಿ ಇದ್ದರೆ ಇಬ್ಬನಿ ಇನ್ನೂ ಆರಿಲ್ಲ ಅಂತ ಅರ್ಥ. ಆಗ ಹಾಕಿದರೆ ಹತ್ತಿ ಆ ಪಸೆಯನ್ನೇ ಹೀರಿಕೊಂಡು ಕೂರುತ್ತದೆ. ನೆಲದ ಮೇಲೆ ನೇರವಾಗಿ ಹಾಸಬೇಡಿ. ಕೆಳಗೆ ಚಾಪೆ, ಇಲ್ಲವೇ ಹಳೇ ಮಂಚ ಇರಲಿ. ಗೋಡೆಯ ಮೇಲೆ ಹಾಕುವುದಾದರೆ ಮೊದಲು ಹಳೇ ದುಪ್ಪಟಿ ಹಾಸಿ, ಪಾರಿವಾಳದ ಗಲೀಜು ನಿಮಗೇ ಗೊತ್ತಲ್ಲ. ಹಾಸಿಗೆ, ದಿಂಬು, ರಜಾಯಿ, ಕೌದಿ ಎಲ್ಲವೂ ಬಿಡಿಬಿಡಿಯಾಗಿ ಇರಬೇಕು. ಒಂದರ ಮೇಲೆ ಒಂದು ಪೇರಿಸಿದರೆ ಮೇಲಿನದಕ್ಕೆ ಮಾತ್ರ ಬಿಸಿಲು.

ಹನ್ನೆರಡೂವರೆ ಸುಮಾರಿಗೆ ಮಗುಚಿ. ಮಗುಚುವ ಮುಂಚೆ ಬೆತ್ತದಿಂದ ನಾಲ್ಕು ಕಡೆ ಬಡಿಯಬೇಕು. ಬಡಿಯುವುದು ಅಂದರೆ ಸಿಟ್ಟು ತೀರಿಸಿಕೊಳ್ಳುವುದಲ್ಲ. ಅಂಚಿನಿಂದ ನಡುವಿನ ಕಡೆಗೆ, ಮೆಲ್ಲಗೆ, ಒಂದೇ ಸಮ. ಮಲಗಿ ಮಲಗಿ ತಗ್ಗಾದ ಕಡೆ ಸ್ವಲ್ಪ ಜಾಸ್ತಿ. ಒತ್ತಾಗಿ ಕೂತ ಹತ್ತಿ ಬಿಡಿಸಿಕೊಂಡು ಉಬ್ಬುತ್ತದೆ. ರಾತ್ರಿ ನಮ್ಮನ್ನು ಬೆಚ್ಚಗಿಡುವುದು ಆ ಎಳೆಗಳ ನಡುವೆ ನಿಂತ ಒಣ ಗಾಳಿ. ಇಡೀ ವಾರ ಮೈಯ ಬೆವರು, ಗಾಳಿಯ ತೇವ ಕುಡಿದ ಹಾಸಿಗೆ ಮೈಯ ಕಾವನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ಎಷ್ಟು ಹೊದ್ದರೂ ಚಳಿ ಹೋಗುವುದಿಲ್ಲ. ಹೊದಿಕೆ ಸಾಲದು ಅಂತ ಇನ್ನೊಂದು ಕೊಳ್ಳುತ್ತೀರಿ. ಸಾಲದೇ ಇರುವುದು ಹೊದಿಕೆ ಅಲ್ಲ, ಒಣಗಿಸುವುದು.

ಎಲ್ಲರೂ ಹಾಳು ಮಾಡುವುದು ತೆಗೆಯುವ ಹೊತ್ತನ್ನು. ಐದೂವರೆಗೆ ಹೋಗಿ ತರುತ್ತಾರೆ. ನಾಲ್ಕರ ಮೇಲೆ ಡಿಸೆಂಬರ್ ಬಿಸಿಲಿಗೆ ಸತ್ವ ಇಲ್ಲ, ಹೊತ್ತು ಇಳಿದಂತೆ ಹಾಸಿಗೆ ಮತ್ತೆ ತಣ್ಣಗಾಗುತ್ತದೆ. ಮೂರೂವರೆಗೆ ಹೋಗಿ ಹಿಂಗೈ ಇಟ್ಟು ನೋಡಿ. ಚುರುಕ್ ಅನ್ನುವಷ್ಟು ಬಿಸಿ ಇರುವಾಗಲೇ, ಅಲ್ಲೇ ಬಿಸಿಲಲ್ಲೇ, ಬಿಸಿ ಇರುವ ಮಗ್ಗುಲು ಒಳಗೆ ಬರುವ ಹಾಗೆ ಸುರುಳಿ ಸುತ್ತಬೇಕು. ಬಿಗಿಯಾಗಿ. ದಿಂಬು, ಕೌದಿ ಎಲ್ಲಾ ಸುರುಳಿಯ ಹೊಟ್ಟೆಯೊಳಗೆ. ಅದರ ಮೇಲೆ ಎಳೇ ಮಗುವನ್ನು ಸುತ್ತುವ ಹಾಗೆ ಕಂಬಳಿ ಸುತ್ತಿ, ತುದಿ ಒಳಗೆ ಸೇರಿಸಿ. ಕೆಳಗೆ ತಂದು ಮಂಚದ ಮೇಲೆ ಇಡಿ. ಟೈಲ್ಸ್ ನೆಲದ ಮೇಲೆ ಇಟ್ಟರೆ ಮಾಡಿದ್ದೆಲ್ಲಾ ವ್ಯರ್ಥ. ಮಲಗುವ ತನಕ ಬಿಚ್ಚಬಾರದು. ಸಂಜೆ ಯಾರೋ ಬರುತ್ತಾರೆ, ಕೋಣೆ ಚೆನ್ನಾಗಿ ಕಾಣಲಿ ಅಂತ ಆರಕ್ಕೇ ಹಾಸಿ ಸುಕ್ಕು ತೀಡಿ ಇಡುವ ಚಾಳಿ ಬಿಡಿ. ರಾತ್ರಿ ಬಿಚ್ಚಿದಾಗ ಒಳಗಿಂದ ಬಿಸಿಲಿನ ವಾಸನೆಯ ಜೊತೆ ಹದವಾದ ಕಾವು ಬರುತ್ತದೆ. ಆ ಕ್ಷಣ ಒಳಗೆ ಸೇರಿಕೊಳ್ಳಿ.

ಈಗಿನವರ ಹತ್ತಿರ ಹತ್ತಿ ಹಾಸಿಗೆ ಎಲ್ಲಿದೆ, ಎಲ್ಲಾ ಫೋಮ್, ಸ್ಪ್ರಿಂಗ್. ಫೋಮನ್ನು ಬಿಸಿಲಿಗೆ ಹಾಕಬೇಡಿ, ಪುಡಿಪುಡಿಯಾಗುತ್ತದೆ. ಅದರ ಮೇಲೆ ಒಂದು ದಪ್ಪ ಕೌದಿ ಹಾಸಿ, ಕೌದಿಗೆ ಬಿಸಿಲು ತೋರಿಸಿ. ಹಳೇ ಹತ್ತಿ ಸೀರೆ ನಾಲ್ಕೈದು ಪದರ ಇಟ್ಟು ಹೊಲಿದದ್ದು ಆಗಬೇಕು, ನೈಲಾನ್ ಸೀರೆಯದಲ್ಲ. ಮೈ ಮೇಲೆ ಮೂರು ಹೊದೆಯುವ ಬದಲು ಮೈ ಕೆಳಗೆ ಒಂದು ಕುರಿ ಕಂಬಳಿ ಹಾಸಿ ನೋಡಿ. ನನ್ನದು ಚಳ್ಳಕೆರೆ ಕಡೆಯದು, ಚುಚ್ಚುತ್ತದೆ ಅಂತ ಮೊಮ್ಮಗಳು ಮೂತಿ ತಿರುಗಿಸುತ್ತಾಳೆ. ಮೇಲೊಂದು ದುಪ್ಪಟಿ ಹಾಕಿದರೆ ಎಂಥ ಚುಚ್ಚುವುದು? ಫ್ಲಾಟಿನಲ್ಲಿ ತಾರಸಿಗೆ ಬೀಗ, ಬಾಲ್ಕನಿಯಲ್ಲಿ ಬಟ್ಟೆ ಹಾಕಿದರೆ ಅಸೋಸಿಯೇಷನ್‌ನವರ ಗಲಾಟೆ ಅನ್ನುವವರು, ಬಿಸಿಲು ಬೀಳುವ ಕಿಟಕಿಯ ಎದುರು ಎರಡು ಕುರ್ಚಿ ಬೆನ್ನಿಗೆ ಬೆನ್ನು ಇಟ್ಟು ಅದರ ಮೇಲೆ ಹರವಿ. ವಾರಕ್ಕೊಮ್ಮೆ, ಭಾನುವಾರ ಮಾಡಿದರೂ ಸಾಕು.

ಹೇಗೂ ತಾರಸಿಗೆ ಹೋಗುತ್ತೀರಲ್ಲ, ಒಂದು ಮೊರದಲ್ಲಿ ತೊಗರಿಬೇಳೆ, ಒಣಮೆಣಸಿನಕಾಯಿಯನ್ನೂ ತೆಗೆದುಕೊಂಡು ಹೋಗಿ. ಅವರೇಬೇಳೆ ಒಣಗಿಸಿ ಇಡುವವರಿಗೂ ಇದೇ ಕಾಲ. ಡಬ್ಬಿಗೆ ತುಂಬುವ ಮುಂಚೆ ಪೂರ್ತಿ ಆರಿರಬೇಕು. ಬಿಸಿಯಾಗಿ ತುಂಬಿ ಬೆವರು ಕಟ್ಟಿಸಿ, ಆಮೇಲೆ ಹುಳ ಬಿತ್ತು ಅಂತ ಅಂಗಡಿಯವನನ್ನು ಬೈಯುತ್ತೀರಿ.

ಇನ್ನು ನೀರು. ಬೆಂಗಳೂರಿನ ಚಳಿಗಾಲದ ಬಿಲ್ಲು ಏರುವುದು ಬಚ್ಚಲು ಮನೆಯಲ್ಲಿ. ಆಗ ತಾಮ್ರದ ಹಂಡೆ, ಕೆಳಗೆ ಒಲೆ. ತೆಂಗಿನ ಗರಿ, ಚಿಪ್ಪು, ಇಲ್ಲವೇ ಸಾಮಿಲ್ಲಿನಿಂದ ತಂದ ಮರದ ಹೊಟ್ಟು. ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು, ಬಾಟಲಿ ಎಳೆದರೆ ನಡುವೆ ಗೂಡು ಆಗುತ್ತಿತ್ತು, ಅದರಲ್ಲಿ ಬೆಂಕಿ. ಒಂದು ಸಲ ಕಾಯಿಸಿದ ನೀರಿನಲ್ಲಿ ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಬೇಕು. ಆ ಶಿಸ್ತು ಗೀಸರಿಗೂ ಬೇಕು.

15 ಲೀಟರಿನ ಗೀಸರಿನಲ್ಲಿ 20 ಡಿಗ್ರಿಯ ನೀರು 60ಕ್ಕೆ ಏರುವುದಕ್ಕೆ ಮುಕ್ಕಾಲು ಯೂನಿಟ್ ಹತ್ತಿರ ಸಾಕು, 2000 ವ್ಯಾಟಿನದಾದರೆ ಇಪ್ಪತ್ತೈದು ನಿಮಿಷದೊಳಗೆ ಕಾಯುತ್ತದೆ. ಅದಕ್ಕೆ ಅಷ್ಟೇ ತಣ್ಣೀರು ಬೆರೆಸಿದರೆ 40 ಡಿಗ್ರಿಯ ಎರಡು ಬಕೆಟ್. ಇಬ್ಬರ ಸ್ನಾನ ಆಯಿತು. ನೀವೋ ಐದಕ್ಕೆ ಎದ್ದು ಸ್ವಿಚ್ ಹಾಕಿ ಮತ್ತೆ ಮಲಗುತ್ತೀರಿ, ಎಂಟಕ್ಕೆ ಒಬ್ಬರು, ಒಂಬತ್ತೂವರೆಗೆ ಇನ್ನೊಬ್ಬರು. ನಡುವೆ ಅದು ತಣ್ಣಗಾಗುವುದು, ಮತ್ತೆ ಕಾಯುವುದು. ಶವರ್ ಕೆಳಗೆ ಹಾಡು ಹೇಳಿಕೊಂಡು ಹತ್ತು ನಿಮಿಷ ನಿಂತರೆ ನಾಲ್ಕೈದು ಬಕೆಟ್ ನೀರು ಹೋಗಿರುತ್ತದೆ. ಚಳಿಗಾಲದಲ್ಲಿ ಬಕೆಟ್, ಚೊಂಬು. ಮೊದಲು ಬಿಸಿನೀರು ಬಿಟ್ಟು ಆಮೇಲೆ ತಣ್ಣೀರು ಬೆರೆಸಿ, ಮೇಲೆ ತಟ್ಟೆ ಮುಚ್ಚಿ. ಮನೆಯಲ್ಲೇ ಇರುವವರು, ಅವಸರ ಇಲ್ಲದವರು ಹನ್ನೊಂದರ ಮೇಲೆ ಸ್ನಾನ ಮಾಡಿ. ತಾರಸಿಯ ಕಪ್ಪು ಟ್ಯಾಂಕಿನ ನೀರಿಗೆ ಅಷ್ಟು ಹೊತ್ತಿಗೆ ಬಿಸಿಲು ತಾಗಿರುತ್ತದೆ, ಗೀಸರಿಗೆ ಅಷ್ಟು ಕೆಲಸ ಕಮ್ಮಿ. ಬೋರ್‌ವೆಲ್ ನೀರಿನ ಮನೆಯಾದರೆ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ, ಚಳಿಗಾಲಕ್ಕೆ ಮುಂಚೆ ಒಮ್ಮೆ ಬಿಚ್ಚಿಸಿ ಕ್ಲೀನ್ ಮಾಡಿಸಿ.

ಸೋಲಾರ್ ಇದ್ದೂ ಗೀಸರ್ ಹಾಕುವವರಿಗೆ ಏನು ಹೇಳಲಿ. ನೀರು ಬಿಸಿ ಬರುತ್ತಿಲ್ಲವಂತೆ. ಮೇಲೆ ಹೋಗಿ ನೋಡಿದರೆ ಗಾಜಿನ ಕೊಳವೆಗಳ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಬಿಸಿಲೇರುವ ಮುಂಚೆ, ಬೆಳಗಿನ ಹೊತ್ತು ಒರೆಸಿ. ಕಾದ ಗಾಜಿಗೆ ಮಧ್ಯಾಹ್ನ ತಣ್ಣೀರು ಸುರಿದರೆ ಒಡೆಯಬಹುದು. ಕೊಳಾಯಿಯಲ್ಲಿ ಮೊದಲು ಬರುವ ತಣ್ಣೀರನ್ನು ಬಕೆಟ್ಟಿಗೆ ಹಿಡಿದು ಗಿಡಕ್ಕೋ ಬಟ್ಟೆಗೋ ಹಾಕಿ, ಮೋರಿಗೆ ಬಿಡಬೇಡಿ.

ಕಾಲು ತಣ್ಣಗಾಗಿ ನಿದ್ದೆ ಬರದವರು ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಕಾಲಿನ ಹತ್ತಿರ ಇಟ್ಟುಕೊಳ್ಳಿ. ಒಂದೂವರೆ ಲೀಟರ್ ನೀರು ಕಾಯುವುದಕ್ಕೆ ಯೂನಿಟ್‌ನ ಹತ್ತರಲ್ಲಿ ಒಂದು ಪಾಲು ಸಾಕು. ಕುದಿಯುವ ನೀರು ಹಾಕಬೇಡಿ, ರಬ್ಬರ್ ಬಿರಿದು ಸುಟ್ಟುಕೊಳ್ಳುತ್ತೀರಿ. ರಾತ್ರಿ ಹುರುಳಿ ಸಾರೋ ಮೆಣಸಿನ ಸಾರೋ ಬಿಸಿಬಿಸಿ ಊಟ, ಕಾಲಿಗೆ ಸಾಕ್ಸ್. ಇದನ್ನೆಲ್ಲಾ ಹೇಳಿಕೊಡಬೇಕಾ?

ಒಂದು ಮಾತು ಮಾತ್ರ ಕಿವಿಗೊಟ್ಟು ಕೇಳಿ. ಕರೆಂಟ್ ಉಳಿಸುತ್ತೇನೆ ಅಂತ ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಕಿಟಕಿ ಇಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸುವುದೂ ಅಷ್ಟೇ ಅಪಾಯ. ಮಗುವಿಗೆ ಸಾಂಬ್ರಾಣಿ ಹೊಗೆ ಹಾಕುವುದಿದ್ದರೆ ಬಾಗಿಲು ತೆಗೆದಿಟ್ಟು ಹಾಕಿ, ಕೆಂಡವನ್ನು ಕೂಡಲೇ ಹೊರಗೆ ಒಯ್ಯಿರಿ.

ಶಿವರಾತ್ರಿ ಕಳೆದ ಮೇಲೆ ಕಂಬಳಿಯ ಕೆಲಸ ಮುಗಿಯಿತು. ಅದನ್ನು ವಾಷಿಂಗ್ ಮೆಷಿನ್ನಿಗೆ ತುರುಕಬೇಡಿ, ಉಣ್ಣೆ ಗಂಟು ಕಟ್ಟಿ ಕುಗ್ಗುತ್ತದೆ. ಕೊಡವಿ, ಎರಡು ದಿನ ಕಟುಬಿಸಿಲಿಗೆ ಹಾಕಿ, ಒಣಗಿದ ಬೇವಿನ ಸೊಪ್ಪು ಮಡಿಕೆಗಳ ನಡುವೆ ಇಟ್ಟು, ಹಳೇ ಹತ್ತಿ ಪಂಚೆಯಲ್ಲಿ ಕಟ್ಟಿ ಅಟ್ಟದ ಮೇಲಿಡಿ. ಪ್ಲಾಸ್ಟಿಕ್ ಚೀಲ ಬೇಡ. ಒಳಗೆ ಬೆವರು ಕಟ್ಟಿ ಮುಗ್ಗಲು ವಾಸನೆ ಹಿಡಿಯುತ್ತದೆ.