ವಿಜಯಪುರದ ಬೇಸಿಗೆಗೆ ತಾಳುವಂತೆ ಪ್ರೊಸೆಸರ್, ರ್‍ಯಾಮ್ ಓವರ್‌ಕ್ಲಾಕ್ ಮಾಡುವ ಬಗೆ

ವಿಜಯಪುರದಂಥ ಊರಿನಲ್ಲಿ ಓವರ್‌ಕ್ಲಾಕ್ ಮಾಡುವವರು, ಅಂದರೆ ಪ್ರೊಸೆಸರ್, ರ್‍ಯಾಮ್‌ಗಳನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವವರು, ಎಲ್ಲಕ್ಕಿಂತ ಮೊದಲು ಲೆಕ್ಕ ಹಾಕಬೇಕಾದದ್ದು ಕೋಣೆಯ ಉಷ್ಣಾಂಶವನ್ನು. ಕೂಲರ್ ಎಷ್ಟೇ ದುಬಾರಿಯದಾಗಿರಲಿ, ಅದು ಶಾಖವನ್ನು ಕೋಣೆಯ ಗಾಳಿಗೆ ದಾಟಿಸಬಲ್ಲದೇ ಹೊರತು ಪ್ರೊಸೆಸರನ್ನು ಆ ಗಾಳಿಗಿಂತ ತಂಪಾಗಿಸಲಾರದು. ಡಿಸೆಂಬರಿನಲ್ಲಿ 22 ಡಿಗ್ರಿಯಿದ್ದ ಕೋಣೆ ಮೇ ತಿಂಗಳಲ್ಲಿ 38ಕ್ಕೆ ಏರಿದರೆ, ಚಳಿಗಾಲದಲ್ಲಿ 80 ಡಿಗ್ರಿಗೆ ನಿಲ್ಲುತ್ತಿದ್ದ ಪ್ರೊಸೆಸರ್ ಅದೇ ಕೆಲಸಕ್ಕೆ 96ರ ಆಸುಪಾಸು ಮುಟ್ಟುತ್ತದೆ. ಇಂಟೆಲ್‌ನ ಹಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು 100ರಲ್ಲಿ, ಎಎಂಡಿಯ ರೈಜನ್ 7000 ಸರಣಿಯ ಬಹುಪಾಲು ಪ್ರೊಸೆಸರುಗಳು 95ರಲ್ಲಿ ತಾವಾಗಿಯೇ ವೇಗ ತಗ್ಗಿಸುವುದರಿಂದ, ಕಷ್ಟಪಟ್ಟು ಗಳಿಸಿದ ವೇಗ ಅಲ್ಲಿಗೆ ಕೈತಪ್ಪುತ್ತದೆ. ಏಸಿ ಕೋಣೆಯಲ್ಲಿ ಕುಳಿತು ವಿಡಿಯೊ ಮಾಡುವವರ ಅಂಕಿಗಳನ್ನು ಹಾಗೆಯೇ ನಕಲು ಮಾಡಬಾರದೆನ್ನುವುದು ಇದೇ ಕಾರಣಕ್ಕೆ.

ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಹೆಸರಿನ ಕೊನೆಗೆ ‘ಕೆ’ ಇರುವ ಪ್ರೊಸೆಸರ್ ಮತ್ತು ‘ಝಡ್’ ಸರಣಿಯ ಮದರ್‌ಬೋರ್ಡ್ ಬೇಕು; ರೈಜನ್‌ಗೆ ‘ಬಿ’ ಅಥವಾ ‘ಎಕ್ಸ್’ ಸರಣಿಯ ಬೋರ್ಡ್ ಸಾಕು. ಕೆಲಸ ಆರಂಭಿಸುವ ಮುನ್ನ ಹೀಟ್‌ಸಿಂಕ್‌ನ ಸಂದುಗಳಲ್ಲಿ ಕೂತ ಧೂಳನ್ನು ಬ್ಲೋವರ್‌ನಿಂದ ತೆಗೆಯಬೇಕು. ಆಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲದಿದ್ದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ಬಯಾಸ್ (ಕಂಪ್ಯೂಟರ್ ಆರಂಭವಾಗುವಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಅಪ್‌ಡೇಟ್ ಮಾಡುವಾಗ ಕರೆಂಟು ಹೋದರೆ ಬೋರ್ಡೇ ನಿಷ್ಕ್ರಿಯವಾಗಬಹುದಾದ್ದರಿಂದ ಯುಪಿಎಸ್ ಇಲ್ಲದೆ ಅದಕ್ಕೆ ಕೈಹಾಕಬಾರದು. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಪ್ರೊಸೆಸರ್ ಉಳ್ಳವರು ಮಾತ್ರ ಈ ಅಪ್‌ಡೇಟನ್ನು ಬಿಡುವಂತಿಲ್ಲ. ಹೆಚ್ಚಿನ ವೋಲ್ಟೇಜ್‌ನಿಂದ ಅವು ಹಾಳಾಗುತ್ತಿದ್ದುದಕ್ಕೆ ಪರಿಹಾರ 2024ರಲ್ಲಿ ಅದರ ಮೂಲಕವೇ ಬಂದಿತು.

ಮೊದಲು ರ್‍ಯಾಮ್ ಮುಗಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕಡಿಮೆ ಅಪಾಯಕ್ಕೆ ಹೆಚ್ಚು ಲಾಭ ಇರುವುದು ಅಲ್ಲಿಯೇ. 3200 ಎಂದು ಬರೆದಿರುವ ಡಿಡಿಆರ್4 ರ್‍ಯಾಮ್ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ತಯಾರಕರು ಅದರಲ್ಲೇ ಬರೆದಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗ್) ಆನ್ ಮಾಡುವವರೆಗೆ ಅನೇಕ ವೇಳೆ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ಆನ್ ಮಾಡಿದಾಗ ಅದರ ವೋಲ್ಟೇಜ್ 1.2ರಿಂದ ಸಾಮಾನ್ಯವಾಗಿ 1.35ಕ್ಕೆ ಏರುತ್ತದೆ. ಡಿಡಿಆರ್5 ಇದ್ದರೆ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು, ಗಾಬರಿಯಾಗಿ ಸ್ವಿಚ್ ಆರಿಸಬಾರದು. ರ್‍ಯಾಮ್‌ನ ದೋಷ ಕಂಪ್ಯೂಟರನ್ನು ನಿಲ್ಲಿಸಲೇಬೇಕೆಂದಿಲ್ಲ, ಸದ್ದಿಲ್ಲದೆ ಫೈಲುಗಳನ್ನು ಕೆಡಿಸುತ್ತಲೂ ಹೋಗಬಹುದು. ಹಾಗಾಗಿ ಮುಖ್ಯ ಫೈಲುಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಟ್ಟು, ಮೆಮ್‌ಟೆಸ್ಟ್86 ಎಂಬ ರ್‍ಯಾಮ್ ಪರೀಕ್ಷೆಯ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಬೇಕು. ಒಂದೇ ಒಂದು ದೋಷ ಕಂಡರೂ ವೇಗವನ್ನು ಒಂದು ಮೆಟ್ಟಿಲು ಇಳಿಸಬೇಕು.

ಪ್ರೊಸೆಸರಿನ ವೇಗವೆಂದರೆ 100 ಮೆಗಾಹರ್ಟ್ಸ್‌ನ ಮೂಲ ಗಡಿಯಾರವನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿದ ಮೊತ್ತ. 47 ಇಟ್ಟರೆ 4.7 ಗಿಗಾಹರ್ಟ್ಸ್. ಮೂಲ ಗಡಿಯಾರವನ್ನು ಮುಟ್ಟದೆ ಮಲ್ಟಿಪ್ಲೈಯರನ್ನು ಒಂದೊಂದಾಗಿ ಏರಿಸಿ, ಪ್ರತಿ ಸಲ ಪ್ರೊಸೆಸರಿಗೆ ಪೂರ್ತಿ ಭಾರ ಹಾಕುವ ಸಿನಿಬೆಂಚ್ ಓಡಿಸಿ, ಎಚ್‌ಡಬ್ಲ್ಯೂಇನ್ಫೊ ತಂತ್ರಾಂಶದಲ್ಲಿ ಉಷ್ಣಾಂಶ ನೋಡಬೇಕು. ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆದರೆ ಹಿಂದಿನ ಅಂಕಿಗೆ ಮರಳಬೇಕು. ವೋಲ್ಟೇಜ್ ಏರಿಸಿ ಮುಂದುವರಿಯುವ ದಾರಿಯೂ ಇದೆ, ಆದರೆ ಶಾಖ ವೋಲ್ಟೇಜ್‌ನ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 1.20 ವೋಲ್ಟ್ ಇದ್ದದ್ದನ್ನು 1.32 ಮಾಡಿದರೆ ವೇಗ ಒಂದಿಷ್ಟೂ ಹೆಚ್ಚದೆ ಶಾಖವೊಂದೇ ಸುಮಾರು ಶೇ 21ರಷ್ಟು ಏರುತ್ತದೆ. ನಮ್ಮ ಬಿಸಿಲಿಗೆ ಇದು ನಷ್ಟದ ವ್ಯಾಪಾರ. ಪರದೆಯೇ ಬಾರದಂತಾದರೆ ಪವರ್ ಕೇಬಲ್ ಕಿತ್ತು, ಬೋರ್ಡಿನ ಮೇಲಿನ ಬಿಲ್ಲೆಯಂಥ ಬ್ಯಾಟರಿಯನ್ನು ಕೆಲ ನಿಮಿಷ ತೆಗೆದಿಟ್ಟರೆ ಬಯಾಸ್ ಸಾಮಾನ್ಯವಾಗಿ ಮೊದಲಿನ ಸ್ಥಿತಿಗೆ ಬರುತ್ತದೆ.

ಕೊನೆಯ ಪರೀಕ್ಷೆಯನ್ನು ಮೇ ತಿಂಗಳ ಮಧ್ಯಾಹ್ನ ಮೂರರ ಹೊತ್ತಿಗೆ, ಏಸಿ ಆರಿಸಿ ಮಾಡಬೇಕು. ಈಗ ಚಳಿಗಾಲವಾದರೆ 75 ಡಿಗ್ರಿಯನ್ನೇ ಮಿತಿಯೆಂದುಕೊಳ್ಳಬೇಕು. ಹೊಸ ರೈಜನ್ ಇರುವವರಿಗೆ ನಾನು ಹೇಳುವುದು ವೋಲ್ಟೇಜ್ ಏರಿಸುವ ಬದಲು ಬಯಾಸ್‌ನಲ್ಲಿರುವ ಕರ್ವ್ ಆಪ್ಟಿಮೈಜರ್ ಎಂಬ ಸೆಟ್ಟಿಂಗ್‌ನಲ್ಲಿ ಅದನ್ನು ತಗ್ಗಿಸುವ ದಾರಿಯನ್ನೇ: ಎಲ್ಲ ಕೋರ್‌ಗಳಿಗೂ ಮೈನಸ್ 10 ಕೊಟ್ಟರೆ ಶಾಖ ಇಳಿದು, ಪ್ರೊಸೆಸರ್ ತಾನೇ ಮೇಲಿನ ವೇಗದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಇಲ್ಲಿ ತಪ್ಪಾದರೆ ಅದು ಭಾರದ ಕೆಲಸಕ್ಕಿಂತ ಹೆಚ್ಚಾಗಿ ಕಂಪ್ಯೂಟರ್ ಸುಮ್ಮನಿರುವಾಗ ತಟ್ಟನೆ ರೀಸ್ಟಾರ್ಟ್ ಆಗುವುದರಲ್ಲಿ ತೋರುತ್ತದೆ. ಆದಕಾರಣ ಕೆಲವು ದಿನ ಎಂದಿನಂತೆ ಬಳಸಿ ನೋಡಿದ ಮೇಲೆಯೇ ಮೈನಸ್ 15ಕ್ಕೆ ಹೋಗಬೇಕು.